ಬಾವುಸೊಪ್ಪಿನ ಹೊಳೆಮ್ಮ

ಉಜ್ಜಿನಪ್ಪ ತನ್ನ ಅಕ್ಕನ ಹೆಬ್ಬೆರಳಿಗೆ ಕಟ್ಟಿದ್ದ ದಾರ ಬಿಚ್ಚುತ್ತಿದ್ದ.

ನಸುಕಿನಲ್ಲಿ ಪಕ್ಕದ ಮನೆಯ ಭೀಮವ್ವ ಎರಡೂ ಹೆಬ್ಬೆರಳು ಜೋಡಿಸಿ ಬಿಗಿದ ದಾರ ಅದು. ಒಮ್ಮೆ ಕಟ್ಟಿದರೆ ಮಣ್ಣಿಗಿಡುವ ತನಕ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ನೀರಿನ ಕೊಡ ಹೊತ್ತು ಒಳಗೆ ಬಂದ ಭರಮಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. ಸತ್ತ ತಾಯಿಯ ಒಂದು ಮಗ್ಗುಲಿಗೆ ಸೋದರಮಾವ. ಇನ್ನೊಂದು ಮಗ್ಗುಲಿಗೆ ಮೊಣಕಾಲೂರಿ ಕುಂತವನು ನಾಗೇಂದ್ರಪ್ಪ, ಹೊಸಪೇಟೆ ಹೊರಗಿನ ಸಸ್ಯ ಸಂಶೋಧನಾ ಕೇಂದ್ರದ ಅಟೆಂಡರು. ಅವನ ಒಂದು ಕೈಯಲ್ಲಿ ಟೈಪು ಮಾಡಿದ ಕಾಗದ, ಇನ್ನೊಂದರಲ್ಲಿ ಮುಚ್ಚಳ ತೆರೆದ ತಗಡಿನ ಡಬ್ಬಿ. ಡಬ್ಬಿಯೊಳಗೆ ನೇರಳೆ ಮಸಿ ಕುಡಿದ ಅರಿವೆ.

"ಏನ್ ಮಾಡಾಕತ್ತಿ ಮಾಮ?"

ಉಜ್ಜಿನಪ್ಪ ತಲೆ ಎತ್ತಲಿಲ್ಲ. "ಏನಿಲ್ಲ ತಗಿಯವ್ವ. ಪ್ರೊಫೆಸರ್ ಸಾಹೇಬ್ರು ಒಂದ್ ಕಾಗದ ಕಳಿಸ್ಯಾರ. ಅಕ್ಕನ ಹೆಬ್ಬೆಟ್ಟು ಒಂದ್ ಒತ್ತಿ ಕೊಟ್ರ ಮುಗೀತು."

"ಸತ್ತಾಕಿ ಹೆಬ್ಬೆಟ್ಟು?"

"ಮೆಲ್ಲಕ ಮಾತಾಡಲೇ, ಮಂದಿ ಅದಾರ."

ಭರಮಮ್ಮ ಕೊಡ ಇಳಿಸಿದ ಸದ್ದಿಗೆ ಅಂಗಳದಲ್ಲಿ ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿದರು. ಆಗಲೇ ತಡವಾಗಿತ್ತು. ಅವ್ವನ ಎಡಗೈ ಹೆಬ್ಬೆರಳು ಉಗುರಿನ ತನಕ ನೇರಳೆಯಾಗಿತ್ತು. ಕಾಗದಕ್ಕೆ ತಾಗುವುದೊಂದೇ ಬಾಕಿ. ಭರಮಮ್ಮ ನಾಗೇಂದ್ರಪ್ಪನ ಕೈಯಿಂದ ಕಾಗದ ಕಿತ್ತುಕೊಂಡಳು.

"ನಿಮ್ಮ ಸಾಹೇಬ್ರು ಎಲ್ಲಿ?"

"ಕಾಲುವೆ ಸೇತುವೆ ಮ್ಯಾಲೆ ಜೀಪಿನ್ಯಾಗ ಅದಾರವ್ವ. ಕೇರ್‍ಯಾಗ ಕೆಸರು ಭಾಳ ಐತಿ, ಅದಕ್ಕ…"

"ಹದಿನಾಕು ವರ್ಷ ಇಲ್ಲದ ಕೆಸರು ಇವತ್ತ ಬಂತೇನು?"

ಅವಳು ಬಾಗಿಲ ಬೆಳಕಿಗೆ ಕಾಗದ ಹಿಡಿದು ಓದಿದಳು. ಮೊದಲು ಮನಸ್ಸಿನಲ್ಲೇ. ಆಮೇಲೆ ಅಂಗಳದವರಿಗೆಲ್ಲ ಕೇಳುವ ಹಾಗೆ, ಒಂದೊಂದು ಪದ ಬಿಡಿಸಿ, ಅಂಗನವಾಡಿಯಲ್ಲಿ ಮಕ್ಕಳಿಗೆ ಓದಿ ಹೇಳುವ ದನಿಯಲ್ಲಿ:

"'ಹೊಳೆಮ್ಮ ಗಂಡ ದಿವಂಗತ ಹುಸೇನಪ್ಪ ಆದ ನಾನು, ನನ್ನ ಎದೆಯ ಗಂಟಿಗೆ ಸೊಪ್ಪಿನ ಸಾರವನ್ನು ಸ್ವಂತ ಇಚ್ಛೆಯಿಂದ ಬಳಸಲು ಒಪ್ಪಿರುತ್ತೇನೆ. ದೊಡ್ಡ ಆಸ್ಪತ್ರೆಗೆ ಹೋಗುವಂತೆ ಪ್ರಾಧ್ಯಾಪಕರು ಪದೇ ಪದೇ ತಿಳಿಸಿದರೂ ನಾನೇ ನಿರಾಕರಿಸಿರುತ್ತೇನೆ.'"

ಕೆಳಗೆ ತಾರೀಕು ಎರಡು ವರ್ಷದ ಹಿಂದಿನದು. ಅದರ ಕೆಳಗೆ, ಹೆಬ್ಬೆಟ್ಟು ಬೀಳಬೇಕಾದ ಜಾಗಕ್ಕೆ, ಪೆನ್ಸಿಲಿನಲ್ಲಿ ಸಣ್ಣದೊಂದು ಸೊನ್ನೆ ಸುತ್ತಿತ್ತು.

"ಯವ್ವಾ ಯವ್ವಾ!" ಭೀಮವ್ವ ಎದೆ ಬಡಿದುಕೊಂಡಳು. "ಪದೇ ಪದೇ ತಿಳಿಸಿದ್ರಂತ! ಯಾವ ಬಾಯಿಲೆ ತಿಳಿಸಿದ್ರ ಕೇಳ ಅವನ್ನ!"

*

ಹದಿನಾಲ್ಕು ವರ್ಷದ ಹಿಂದೆ ಸಂಡೂರಿನ ಗುಡ್ಡದಲ್ಲಿ ಕಾಲು ಜಾರಿ ಬಿದ್ದ ಪ್ರೊಫೆಸರರ ಕಾಲಿನ ಹರಡು ಕುಂಬಳಕಾಯಿಯ ಹಾಗೆ ಊದಿಕೊಂಡಿತ್ತು. ಹೊಳೆಮ್ಮನ ತಮ್ಮ ಉಜ್ಜಿನಪ್ಪನಿಗೆ ದೋಣಿಮಲೈ ಗಣಿಯಲ್ಲಿ ಡಂಪರ್ ಓಡಿಸುವ ಕೆಲಸ ಸಿಕ್ಕ ಹೊಸತು. ಅವನ ಕ್ವಾರ್ಟರ್ಸಿಗೆಂದು ಮಗಳನ್ನು ಕರೆದುಕೊಂಡು ಬಂದಿದ್ದ ಹೊಳೆಮ್ಮ ಸೌದೆಗೆ ಗುಡ್ಡ ಹತ್ತಿದ್ದಳು. ಅವಳು ಹುಟ್ಟಿದ್ದೇ ಆ ಗುಡ್ಡದ ಬುಡದ ಊರಿನಲ್ಲಿ. ಕಮಲಾಪುರದ ಕಬ್ಬು, ಬಾಳೆ, ಭತ್ತದ ಗದ್ದೆಗಳ ಕೂಲಿಗೆ ಬಂದದ್ದು ಮದುವೆಯಾದ ಮೇಲೆ.

ಬಂಡೆಯ ಸಂದಿಗೆ ಕೈ ಹಾಕಿ ಅವಳು ಒಂದು ಹಿಡಿ ಎಲೆ ಕಿತ್ತಳು. ಕಲ್ಲಿನ ಮೇಲೆ ಜಜ್ಜಿ, ಸೀರೆಯ ಅಂಚು ಹರಿದು ಕಾಲಿಗೆ ಕಟ್ಟಿದಳು. ಬಾವುಸೊಪ್ಪು ಎಂದು ಅವಳು ಅದಕ್ಕೆ ಅನ್ನುತ್ತಿದ್ದಳು, ಅವಳ ತಾಯಿಯೂ ಹಾಗೇ ಅನ್ನುತ್ತಿದ್ದಳು. ಕಬ್ಬು ಕಡಿದು ಮಣಿಕಟ್ಟು ಊದಿದವರು, ನಾಟಿ ಹಚ್ಚಿ ಮೊಣಕಾಲು ಹಿಡಿದವರು, ಕೇರಿಯಿಂದ ಕಂಪ್ಲಿಯ ತನಕ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಮೂರನೆಯ ದಿನಕ್ಕೆ ಪ್ರೊಫೆಸರರು ಕುಂಟದೆ ನಡೆದು ಬಂದರು. ಕೈಯಲ್ಲಿ ನೋಟುಬುಕ್ಕು.

ಹೊಳೆಮ್ಮ ಏನನ್ನೂ ಮುಚ್ಚಿಡಲಿಲ್ಲ. ಯಾವ ಸಂದಿಯಲ್ಲಿ ಬೆಳೆಯುತ್ತದೆ, ಯಾವ ಮಳೆಗೆ ಚಿಗುರುತ್ತದೆ, ಹೂ ಬಿಡುವ ಮೊದಲೇ ಯಾಕೆ ಕೀಳಬೇಕು, ಎಲ್ಲ ಹೇಳಿದಳು. ಪ್ರೊಫೆಸರರು ಬರೆದುಕೊಂಡರು. ಕೊನೆಗೆ ಅವಳು ಹೇಳಿದಳು:

"ಇನ್ನೊಂದ್ ಮಾತು ಬರಕೊಳ್ರಿ. ಮೊದಲ ಕೈಯಿಟ್ಟು ನೋಡಬೇಕು. ಬಾವು ಬಿಸಿ ಇದ್ರ ಈ ಸೊಪ್ಪು. ತಣ್ಣಗ ಕಲ್ಲಿನಂಗ ಇದ್ರ ಮುಟ್ಟಿಸಬ್ಯಾಡ್ರಿ. ಅದು ಬ್ಯಾರೆ ಬ್ಯಾನಿ. ಅದಕ್ಕ ನನ್ ಹತ್ರ ಏನೂ ಇಲ್ಲ."

ಆ ಹೊತ್ತಿಗೆ ಪ್ರೊಫೆಸರರು ಪೆನ್ನಿನ ಟೋಪಿ ಹಾಕಿಯಾಗಿತ್ತು. ಹದಿನಾರರ ಹುಡುಗಿ ಭರಮಮ್ಮನಿಗೆ ಆ ಟೋಪಿ ಕೂತ 'ಟಕ್' ಸದ್ದು ಆಗ ಏನೂ ಅನ್ನಿಸಿರಲಿಲ್ಲ. ಈಗ ಅದು ನಿದ್ದೆಯಿಂದ ಎಬ್ಬಿಸುತ್ತದೆ.

ಅಂದಿನಿಂದ ಹೊಳೆಮ್ಮ ಕೇಂದ್ರದ ಕೆಲಸದವಳಾದಳು. ವಾರಕ್ಕೊಮ್ಮೆ ಬಸ್ಸು ಹಿಡಿದು ಗುಡ್ಡಕ್ಕೆ ಹೋಗುವುದು, ಬೇರು ಸಮೇತ ಗಿಡ ತರುವುದು, ಹಳೆಯ ದಿನಪತ್ರಿಕೆಯ ನಡುವೆ ಹರವಿ ಬೀಸುವ ಕಲ್ಲಿನ ಕೆಳಗೆ ಅದುಮಿಡುವುದು. ಬೂಜು ಹಿಡಿಯದಂತೆ ದಿನಾ ಕಾಗದ ಬದಲಿಸಬೇಕು, ಮಳೆಗಾಲದಲ್ಲಿ ಕಾಗದವನ್ನೇ ಒಲೆಯ ಕಾವಿಗೆ ಹಿಡಿದು ಒಣಗಿಸಬೇಕು. ಅವರ ಮನೆಯಲ್ಲಿ ರೊಟ್ಟಿಗಿಂತ ಮೊದಲು ಪೇಪರು ಬೇಯುತ್ತಿತ್ತು. ಹೀಗೆ ಒಣಗಿದ ಗಿಡದಿಂದ ಸಾರ ತೆಗೆದರು. ಸಾರದಿಂದ ಬಿಳಿ ಪುಡಿ ಬಂತು. ಪುಡಿಯಿಂದ ಪ್ರೊಫೆಸರರ ದಪ್ಪ ಪುಸ್ತಕ ಬಂತು. ಆ ಪುಸ್ತಕದಲ್ಲಿ ಗಿಡಕ್ಕೆ ಎರಡು ಮಾತಿನ ಲ್ಯಾಟಿನ್ ಹೆಸರಿತ್ತು. ಇಲಿಗಳಿಗೆ ನಂಬರಿತ್ತು. ಜೀಪಿನ ಡ್ರೈವರನಿಗೂ ಕೃತಜ್ಞತೆ ಇತ್ತು. ಹೊಳೆಮ್ಮನ ಪಾಲಿಗೆ ಅದರಲ್ಲಿ ಇದ್ದದ್ದು 'ಒಬ್ಬ ಸ್ಥಳೀಯ ಹೆಂಗಸು'.

*

"ಕಾಗದ ಕೊಡವ್ವ ಭರಮಿ," ಉಜ್ಜಿನಪ್ಪ ಗೋಡೆಗೆ ಒರಗಿ ಅಂದ. "ಅಕ್ಕ ಹೋದ್ಲು. ಹೆಬ್ಬೆಟ್ಟು ಒತ್ತಿದ್ರ ಆಕಿಗೇನು ನೋವಾಗ್ತೈತೇನು? ನನ್ನ ಮಗ ಓಬಳೇಶಗ ಅಲ್ಲೇ ಕೇಂದ್ರದಾಗ ಪರ್ಮನೆಂಟ್ ಕೆಲಸ ಕೊಡ್ತೀನಿ ಅಂದಾರ. ಎಸ್ಸೆಸ್ಸೆಲ್ಸಿ ಪಾಸಾಗಿ ಮೂರ್ ವರ್ಷ ಆತು. ನನ್ನಂಗ ಅವನೂ ಕೆಂಪು ಧೂಳು ಕುಡಿದು ಕೆಮ್ಮಬೇಕೇನು?"

ಭರಮಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. "ಓಬಳೇಶಗ ಕೆಲಸ ಸಿಗಲಿ ಮಾಮ. ನಮ್ಮವ್ವನ ಹೆಣದ ಮ್ಯಾಲೆ ಕಾಲಿಟ್ಟು ಹತ್ತೋದು ಬ್ಯಾಡ."

"ಮಾತು ನೋಡು! ನಾಕ್ ಮಂದಿಗೆ ಅಕ್ಷರ ಕಲಿಸಿದ್ದಕ್ಕ ನಾಲಿಗಿ ಉದ್ದ ಆಗೇತಿ."

"ಯವ್ವ, ನಂದೂ ಒಂದ್ ಮಾತು ಕೇಳು," ನಾಗೇಂದ್ರಪ್ಪ ಕೈ ಜೋಡಿಸಿದ. "ದಿಲ್ಲಿಯಿಂದ ಕಮಿಟಿ ಬರಾಕತ್ತೈತಿ. ಆ ಹೆಣ್ಮಗಳು ಒಪ್ಪಿದ್ದಕ್ಕ ದಾಖಲೆ ಎಲ್ಲೈತಿ ಅಂತ ಕೇಳ್ಯಾರ. ಬರೇ ಕೈಲೆ ಹೋದ್ರ ನನ್ನ ನೌಕರಿ ತಗೀತಾರ. ನಾನೂ ಮಕ್ಕಳೊಂದಿಗ."

"ನಾಗೇಂದ್ರಣ್ಣ, ಅವ್ವನ ಗಂಟಿನ ಅಳತಿ ಬರಕೊಂಡಾವ ನೀನ ಅಲ್ಲೇನು? ದೊಡ್ಡಾಸ್ಪತ್ರಿಗೆ ಹೋಗು ಅಂತ ನಿಮ್ಮ ಸಾಹೇಬ್ರು ಒಂದ್ ಸಲನರ ಅಂದಿದ್ರ ಹೇಳು. ನಿನ್ನ ಮಕ್ಕಳ ಆಣಿ ಮಾಡಿ ಹೇಳು. ಈಗಿಂದೀಗ ನಾನ ಹೆಬ್ಬೆಟ್ಟು ಒತ್ತಿಸಿ ಕೊಡ್ತೀನಿ."

ಅಂಗಳವೆಲ್ಲ ಅವನ ಬಾಯಿ ನೋಡಿತು. ನಾಗೇಂದ್ರಪ್ಪ ತಗಡಿನ ಡಬ್ಬಿಯ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡ.

*

ಗಂಟು ಮೊದಲು ಕಂಡಾಗ ಅವರೆಕಾಳಿನಷ್ಟಿತ್ತು. ಸ್ನಾನ ಮಾಡುವಾಗ ಹೊಳೆಮ್ಮನೇ ಕೈಯಿಟ್ಟು ನೋಡಿಕೊಂಡಿದ್ದಳು. ಊರಿಗೆಲ್ಲ ಬಾವು ನೋಡಿದ ಕೈ ಅದು. ಗಂಟು ತಣ್ಣಗಿತ್ತು. ಅವಳಿಗೆ ಆವತ್ತೇ ತಿಳಿದಿತ್ತು.

ಆದರೆ ಅದೇ ತಿಂಗಳು ಪ್ರೊಫೆಸರರು ಕೇರಿಗೆ ಬಂದು, ಅಂಬೇಡ್ಕರ್ ಪಟದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಚ್ಚಾದ ಫೋಟೋ ತೋರಿಸಿದ್ದರು. ಮೊದಲನೆಯದರಲ್ಲಿ ಇಲಿಯ ಬೆನ್ನ ಮೇಲೆ ಗೋಲಿಯಷ್ಟು ಗಡ್ಡೆ. ಎರಡನೆಯದರಲ್ಲಿ ಗಡ್ಡೆ ಇಲ್ಲ. "ನಿನ್ನ ಸೊಪ್ಪೇ ಹೊಳೆಮ್ಮ," ಅಂದಿದ್ದರು ನಗುತ್ತ. "ಇಡೀ ಪ್ರಪಂಚ ನೋಡುತ್ತಿದೆ."

ಮರುದಿನ ಅವಳು ಕೇಂದ್ರಕ್ಕೆ ಹೋಗಿ ಸೆರಗು ಸರಿಸಿ ತೋರಿಸಿದಳು. ಪ್ರೊಫೆಸರರು ಬಗ್ಗಿ ನೋಡಿದರು. ಆಮೇಲೆ ನಾಗೇಂದ್ರಪ್ಪನಿಗೆ ಹೊಸ ನೋಟುಬುಕ್ಕು ತರಲು ಹೇಳಿದರು.

ಕಂದು ಬಣ್ಣದ ಬಾಟಲಿಯಲ್ಲಿ ಕುಡಿಯುವ ಸಾರ, ಡಬ್ಬಿಯಲ್ಲಿ ಹಚ್ಚುವ ಮುಲಾಮು. ತಿಂಗಳ ಮೊದಲ ಸೋಮವಾರ ಉಕ್ಕಿನ ಇಕ್ಕಳದಂಥದೊಂದು ಸಾಮಾನಿನಿಂದ ಅಳತೆ. ಪ್ರೊಫೆಸರರು ಸಂಖ್ಯೆ ಹೇಳುವುದು, ನಾಗೇಂದ್ರಪ್ಪ ಬರೆಯುವುದು, ಒಂದು ಫೋಟೋ. ಅವರೆಕಾಳು ಹುಣಸೆಬೀಜವಾಯಿತು, ಹುಣಸೆಬೀಜ ನಿಂಬೆಹಣ್ಣಾಯಿತು. ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇನೆಂದು ಭರಮಮ್ಮ ಹೋಗಿ ಕೇಳಿದರೆ, "ನಡುವೆ ನಿಲ್ಲಿಸಿದರೆ ಇಷ್ಟು ದಿನದ್ದೆಲ್ಲ ವ್ಯರ್ಥ. ಇನ್ನು ಆರು ತಿಂಗಳು ನೋಡೋಣ" ಅಂದರು. ಯಾರದು ವ್ಯರ್ಥ ಎಂದು ಕೇಳಲು ಅವಳಿಗೆ ಆಗ ತೋಚಲಿಲ್ಲ.

"ಯವ್ವ, ತಣ್ಣಗಿನ ಗಂಟಿಗೆ ಮುಟ್ಟಿಸಬಾರದು ಅಂತ ನೀನ ಹೇಳ್ತಿದ್ದೆಲ್ಲ?" ಒಂದು ಸಂಜೆ ಭರಮಮ್ಮ ಜಗಳಕ್ಕೇ ನಿಂತಳು.

ಹೊಳೆಮ್ಮ ಮುಲಾಮಿನ ಡಬ್ಬಿ ತಿರುಗಿಸುತ್ತ ಕುಂತಿದ್ದಳು. ಅದರ ಮೇಲಿನ ಚೀಟಿಯನ್ನು ಕೂಡಿಸಿ ಕೂಡಿಸಿ ಓದಲು ಅವಳಿಗೆ ಆಗ ಬರುತ್ತಿತ್ತು. "ನಾ ಹೇಳಿದ್ದು ಬಾಯಿಮಾತು ಭರಮಿ," ಅಂದಳು. "ಅವ್ರು ಹೇಳಿದ್ದು ಅಚ್ಚಾಗೈತಿ."

ಹಿಂದಿನ ವರ್ಷದ ಸಾಕ್ಷರತೆಯ ಶಾಲೆಯಲ್ಲಿ, ಇದೇ ಕೇರಿಯ ಕಟ್ಟೆಯ ಮೇಲೆ, ಅವಳಿಗೆ ಅಕ್ಷರ ಕಲಿಸಿದವಳು ಮಗಳೇ.

ಕೊನೆಗೆ ಗಂಟು ಒಡೆದ ಮೇಲೆ ಬೆಂಗಳೂರಿಗೆ ಹೋದರು. ಅಲ್ಲಿಯ ಡಾಕ್ಟರಮ್ಮ ಸೆರಗು ಸರಿಸಿ ನೋಡಿ, ಮತ್ತೆ ಮುಚ್ಚಿ, "ಎರಡು ವರ್ಷ ಏನ್ಮಾಡ್ತಿದ್ದೆಯಮ್ಮಾ?" ಎಂದು ಕೇಳಿದಳು.

"ಅಳತಿ ಬರಸಾಕತ್ತಿದ್ದೆ ರೀ," ಅಂದಳು ಹೊಳೆಮ್ಮ.

*

ಹೆಣಕ್ಕೆ ನೀರು ಹಾಕಿದರು. ಭೀಮವ್ವ ಸೀಗೆಪುಡಿ ಹಚ್ಚಿ ಎಷ್ಟು ತಿಕ್ಕಿದರೂ ಹೆಬ್ಬೆರಳಿನ ನೇರಳೆ ಹೋಗಲಿಲ್ಲ. "ಎಲೆಕ್ಷನ್ ಮಸಿಕಿಂತ ಗಟ್ಟಿ ಐತಲ್ಲೇ ಇದು," ಅಂದಳು. ಹೊಸ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಹೆಬ್ಬೆರಳುಗಳನ್ನು ಮತ್ತೆ ಜೋಡಿಸಿ ದಾರ ಕಟ್ಟಿದರು. ಬಾಯಿಗೆ ಎಲೆ ಅಡಿಕೆ ಇಡಬೇಕು. ಹೊಳೆಮ್ಮನ ಎಲೆಸಂಚಿ ಸೊಂಟದಿಂದ ಬಿಚ್ಚಿ ಇಟ್ಟಿದ್ದು ಮೂಲೆಯಲ್ಲಿತ್ತು.

"ಇದ್ದಾಗ ಒಂದ್ ಅರ್ಧ ಅಡಿಕಿ ಕೇಳಿದ್ರ ಹತ್ತು ಮಾತು ಅಂತಿದ್ಲು ಮುದುಕಿ," ಭೀಮವ್ವ ಅಳುತ್ತಲೇ ನಕ್ಕಳು. "ಈಗ ನೋಡು, ಸಂಚಿ ಪೂರ್ತಿ ನನ್ನ ಕೈಯಾಗ." ಸಂಚಿಯ ಬಾಯಿ ಸಡಿಲಿಸಿ ಕೆಳಗೆ ಕೊಡವಿದಳು.

ಒಂದು ಒಣಗಿದ ಎಲೆ ಬಿತ್ತು, ಎರಡು ಅಡಿಕೆ ಹೋಳು ಬಿದ್ದವು. ಅವುಗಳ ಹಿಂದೆ ಕಾಗದದ ಚೂರುಗಳು ಸುರಿದವು. ಹಳೆಯ ದಿನಪತ್ರಿಕೆಯ ಮೂಲೆಗಳು, ಎಲ್ಲವೂ ಮೂರು ಮೂಲೆಯಾಗಿ ನೀಟಾಗಿ ಕತ್ತರಿಸಿದವು. ಐವತ್ತೋ ನೂರೋ. ಅಡಿಕೆಯ ಕಲೆ ಹತ್ತಿ ಕೆಲವು ಕೆಂಪಾಗಿದ್ದವು. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ, ಒತ್ತಿ ಒತ್ತಿ ಬರೆದ ಸೊಟ್ಟ ಅಕ್ಷರದಲ್ಲಿ: ಹೊಳೆಮ್ಮ.

"ಏನಿವು?" ಅಂದ ಉಜ್ಜಿನಪ್ಪ.

ಭರಮಮ್ಮನಿಗೂ ಗೊತ್ತಿರಲಿಲ್ಲ. ಉತ್ತರ ಬಂದದ್ದು ಬಾಗಿಲ ಹೊರಗೆ ನಿಂತಿದ್ದ ನಾಗೇಂದ್ರಪ್ಪನಿಂದ.

"ನಾ ಕತ್ತರಿಸಿದ್ದು," ಅಂದ.

ಅವನು ಒಳಗೆ ಬರಲಿಲ್ಲ, ಬಾಗಿಲ ಚೌಕಟ್ಟು ಹಿಡಿದುಕೊಂಡೇ ಹೇಳಿದ. "ಅಕ್ಷರ ಕಲ್ತ ಮ್ಯಾಲೆ ಆಕಿ ಒಣಗಿಸಿ ತಂದ ಪ್ರತಿ ಹಾಳಿ ಮ್ಯಾಲೆ ಹೆಸರು ಬರಕೊಂಡು ಬರ್ತಿದ್ಲು. ಸಾಹೇಬ್ರು ಬೈದ್ರು. ಹಾಳಿ ಮ್ಯಾಲೆ ಸಂಗ್ರಹಿಸಿದವರ ಹೆಸರು ಮಾತ್ರ ಇರಬೇಕು ಅಂದ್ರು. ಅದಕ್ಕ ಈಕಿ, 'ಸಂಗ್ರಹ ಅಂದ್ರ ಕೂಡಿಸಿ ಇಡೋದು ಅಲ್ಲೇನ್ರಿ? ಮತ್ತ ಕೂಡಿಸಿದಾಕಿ ನಾನ' ಅಂದ್ಲು. ಸಾಹೇಬ್ರು ನಕ್ಕು ನನ್ನ ಕೈಯಾಗ ಕತ್ತರಿ ಕೊಟ್ರು. ನಾ ಕತ್ತರಿಸಿ ಕತ್ತರಿಸಿ ನೆಲಕ್ಕ ಹಾಕ್ತಿದ್ದೆ. ಕಸ ಹೊಡೀತೀನಿ ಅಂತ ಈಕಿ ಬಗ್ಗಿ ಆರಿಸಿಕೊಳ್ತಿದ್ಲು. ಎಸೀತಾಳ ಅನ್ಕೊಂಡಿದ್ದೆ. ಮತ್ತ ಮುಂದಿನ ವಾರ ಹೆಸರು ಬರದ ತರ್ತಿದ್ಲು. ಸಾಯೋ ಮಟ ಬಿಡಲಿಲ್ಲ."

ಭರಮಮ್ಮ ನೆಲದ ಮೇಲೆ ಕೂತು ಒಂದೊಂದೇ ಚೂರು ಆರಿಸಿ ಮಡಿಲಿಗೆ ಹಾಕಿಕೊಂಡಳು. ಅಕ್ಷರ ಕಲಿತ ವರ್ಷ ರೇಷನ್ ಅಂಗಡಿಯಲ್ಲಿ ಮಸಿಡಬ್ಬಿ ಮುಂದೆ ತಳ್ಳಿದವನ ಕೈಯಿಂದ ಪೆನ್ನು ಕಸಿದುಕೊಂಡು ಸಹಿ ಹಾಕಿದ್ದಳು ಅವ್ವ. ಸಾಲಿನಲ್ಲಿ ನಿಂತವರು ಚಪ್ಪಾಳೆ ಹೊಡೆದಿದ್ದರು.

"ಮಾಮ," ಅಂದಳು, ತಲೆ ಎತ್ತದೆ. "ಹೆಬ್ಬೆಟ್ಟಿನ ಹೊಳೆಮ್ಮ ಸತ್ತು ಮೂರ್ ವರ್ಷ ಆತು. ನೀವು ಯಾರ ಹೆಬ್ಬೆಟ್ಟು ಒತ್ತಾಕ ಬಂದಿದ್ರಿ?"

ಉಜ್ಜಿನಪ್ಪ ತನ್ನ ಬೆರಳು ನೋಡಿಕೊಂಡ. ಅಕ್ಕನ ಕೈ ಹಿಡಿದಿದ್ದಕ್ಕೆ ಅವನ ಎರಡು ಬೆರಳೂ ನೇರಳೆಯಾಗಿದ್ದವು. ಪಂಚೆಗೆ ಒರೆಸಿದ. ಮತ್ತೆ ನೋಡಿದ. ಮತ್ತೆ ಒರೆಸಿದ. ಆಮೇಲೆ ಅವನು ಅಂಗಳಕ್ಕೆ ಇಳಿದು ಚಟ್ಟದ ಮುಂಭಾಗದ ಬಿದಿರಿಗೆ ಹೆಗಲು ಕೊಟ್ಟ.

*

ತುಂತುರು ಹನಿಯುತ್ತಿತ್ತು. ಕೇರಿಯ ಮೂಕಪ್ಪ ಹಲಗೆ ಬಾರಿಸುತ್ತ ಮುಂದೆ ನಡೆದ. ಭರಮಮ್ಮನ ಕೈಯಲ್ಲಿ ಮಂಡಕ್ಕಿಯ ಬುಟ್ಟಿ. ಹೆಣದ ಮುಂದೆ ದಾರಿಯುದ್ದಕ್ಕೂ ಮಂಡಕ್ಕಿ ಎರಚುತ್ತ ಹೋಗಬೇಕು, ಅದು ಮನೆಯವರ ಕೆಲಸ. ಮಗನಿಲ್ಲದ್ದಕ್ಕೆ ಮಗಳು ಹಿಡಿದಿದ್ದಳು. ಮಡಿಲಲ್ಲಿದ್ದ ಕಾಗದದ ಚೂರುಗಳನ್ನೂ ಅವಳು ಅದೇ ಬುಟ್ಟಿಗೆ ಸುರಿದುಕೊಂಡಿದ್ದಳು. ನಾಗೇಂದ್ರಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಎಲ್ಲರಿಗಿಂತ ಹಿಂದೆ ಬರುತ್ತಿದ್ದ.

ಮಸಣ ಕಾಲುವೆಯ ಆಚೆ ದಂಡೆಗೆ. ದಾರಿ ಇರುವುದು ಒಂದೇ, ಕಾಲುವೆ ತೋಡಿದ ಕಾಲದಲ್ಲಿ ಎತ್ತಿನ ಗಾಡಿಗೆಂದು ಕಟ್ಟಿದ ಇಕ್ಕಟ್ಟಿನ ಸೇತುವೆ. ಅದರ ನಟ್ಟನಡುವೆ ಕೇಂದ್ರದ ಜೀಪು ನಿಂತಿತ್ತು. ಕೆಳಗೆ ನೀರು ದಂಡೆ ಮುಟ್ಟಿ ಹರಿಯುತ್ತಿತ್ತು. ಎರಡೂ ಕಡೆ ಮಂದಿಯ ಕಬ್ಬು ಆಳೆತ್ತರ ನಿಂತಿತ್ತು.

ಡ್ರೈವರು ತಲೆ ಹೊರಗೆ ಹಾಕಿದ. "ಒಂದೀಟು ಹಿಂದಕ್ಕ ಸರೀರಿ. ಸಾಹೇಬ್ರು ನಾಗೇಂದ್ರಪ್ಪಗ ಕಾಯಾಕತ್ಯಾರ. ಅವ ಹತ್ತಿದ ಕೂಡ್ಲೇ ಹೊರಡ್ತೀವಿ."

ಹಲಗೆ ನಿಂತಿತು. "ಹೆಣ ಹಿಂದಕ್ಕ ಸರಿಯಂಗಿಲ್ಲಪ," ಅಂದ ಮೂಕಪ್ಪ. "ಅಷ್ಟೂ ತಿಳಿಯಂಗಿಲ್ಲೇನು ನಿನಗ?"

ಗಾಜಿನ ಹಿಂದೆ ಪ್ರೊಫೆಸರರು ಕೂತಿದ್ದರು. ಮೂಗಿಗೆ ಕರವಸ್ತ್ರ. ಅವರ ಕಣ್ಣು ಹೆಣದ ಮೇಲೆ ಹೋಯಿತು, ಎದೆಯ ಮೇಲೆ ಜೋಡಿಸಿಟ್ಟ ಕೈಗಳಿಗೆ ಬಂತು, ನೇರಳೆ ಹೆಬ್ಬೆರಳಿನಲ್ಲಿ ನಿಂತಿತು. ಅವರು ನಾಗೇಂದ್ರಪ್ಪನ ಕಡೆ ನೋಡಿ ಹುಬ್ಬು ಹಾರಿಸಿದರು: ಆಯಿತೇ?

ನಾಗೇಂದ್ರಪ್ಪ ಕೆಸರು ನೋಡುತ್ತ ನಿಂತ.

ಭರಮಮ್ಮ ಜೀಪಿನ ಮೂತಿಗೆ ತಾಗುವಷ್ಟು ಮುಂದೆ ಹೋದಳು. ಕುಪ್ಪಸದ ಮೇಲೆ ಅಂಗೈಯಿಟ್ಟು ಹೇಳಿದಳು: "ಕಾಗದ ನನ್ನ ಹತ್ರ ಐತ್ರಿ. ಕಮಿಟಿಯವರು ಬರ್ಲಿ. ನಾನ ಅವರ ಮುಂದ ಓದಿ ಹೇಳ್ತೀನಿ."

ಗಾಜು ಇಳಿಯಲಿಲ್ಲ. ಅವಳು ಬುಟ್ಟಿಗೆ ಕೈ ಹಾಕಿ ಹಿಡಿತುಂಬ ಬಾಚಿ ಎರಚಿದಳು. ಮತ್ತೊಂದು ಹಿಡಿ. ಮತ್ತೊಂದು. ಮಂಡಕ್ಕಿ ಬಾನೆಟ್ಟಿನ ಮೇಲೆ ಪುಟಿದು ಕಾಲುವೆಗೆ ಬಿತ್ತು. ಕಾಗದದ ಚೂರುಗಳು ಒದ್ದೆ ಗಾಜಿಗೆ ಅಂಟಿಕೊಂಡವು.

ಆಗ ಹಿಂದಿನಿಂದ ಉಜ್ಜಿನಪ್ಪನ ದನಿ ಬಂತು. ಹೆಗಲ ಮೇಲೆ ಅಕ್ಕ, ಮಸಿ ಹತ್ತಿದ ಇನ್ನೊಂದು ಕೈ ಗಾಳಿಯಲ್ಲಿ. ಗಣಿಯಲ್ಲಿ ಡಂಪರಿಗೆ ದಾರಿ ತೋರಿಸುವ ಹಾಗೆಯೇ ಅವನು ಆ ಕೈಯನ್ನು ಬೀಸಿ ಬೀಸಿ ಕೂಗಿದ:

"ರಿವರ್ಸ್! ಹೊಡೀಲೇ ರಿವರ್ಸ್! ರೈಟ್… ರೈಟ್… ಹಿಂದಕ್ಕ ತಗಿ!"

ಹಲಗೆ ಮತ್ತೆ ಎದ್ದಿತು. ಡ್ರೈವರು ಗೇರು ಹಾಕಿ, ದಾರಿ ಕಾಣದೆ, ವೈಪರ್ ಹಚ್ಚಿದ. ಅದರ ಕಡ್ಡಿ ಎಡಕ್ಕೆ ಬಂತು, ಬಲಕ್ಕೆ ಹೋಯಿತು, ಒದ್ದೆ ಚೂರುಗಳನ್ನು ಅತ್ತಿಂದಿತ್ತ ಸವರಿ ಗಾಜಿನ ತುಂಬ ಹರಡಿತು. ಜೀಪು ಒಂದೊಂದೇ ಮೊಳ ಹಿಂದೆ ಸರಿಯಿತು. ಅಷ್ಟಷ್ಟೇ ಮೊಳ ಹೊಳೆಮ್ಮ ಮುಂದೆ ಹೋದಳು. ಗಾಜಿನ ಹಿಂದೆ ಪ್ರೊಫೆಸರರ ಕನ್ನಡಕದ ಮುಂದೆ, ವೈಪರಿನ ಕಡ್ಡಿಗೂ ಸಿಕ್ಕದೆ, ಅಡಿಕೆಯ ಕಲೆ ಹತ್ತಿದ ಒಂದು ಮೂಲೆ ಅಂಟಿಕೊಂಡೇ ಇತ್ತು.

ಹೊಳೆಮ್ಮ.